ನೂರೈವತ್ತು ರೂಪಾಯಿಯ ತೋಪು, ಸದ್ದಿನ ಲೋಕದ ಆಟ

ಬಬಲೇಶ್ವರ ತಾಲ್ಲೂಕಿನ ಸಾರವಾಡದಂಥ ಡೋಣಿ ಸೀಮೆಯ ಊರುಗಳಿಗೆ ಜೋರು ಸದ್ದು ಹೊಸದಲ್ಲ. ಪಲ್ಲಕ್ಕಿಯ ಮುಂದೆ ಕರಡಿ ಮಜಲು ಹೊರಟಿತೆಂದರೆ ಅದರ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ. ಕರಡಿಯ ದಡಬಡಕ್ಕೆ ತಾಳದ ಝಣತ್ಕಾರ ಕೂಡಿ, ಅದರ ಮೇಲೆ ಶಹನಾಯಿ ಏರಿದಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹೊರಗಿನಿಂದ ಬಂದವರು ‘ಇದೇನು ಗದ್ದಲ!’ ಎಂದು ಹುಬ್ಬು ಗಂಟಿಕ್ಕಬಹುದು. ಊರವರಿಗೆ ಅದು ಗದ್ದಲವಲ್ಲ. ಯಾವ ಪೆಟ್ಟು ಎಲ್ಲಿ ಬೀಳಬೇಕು, ಯಾರು ತಪ್ಪಿದರು ಎಂಬುದು ಕಟ್ಟೆಯ ಮೇಲೆ ಕುಳಿತ ಅಜ್ಜನಿಗೂ ಗೊತ್ತು.

ಇಂದು ಇಂಥ ಊರಿನ ಹುಡುಗರ ಕೈಗೂ ಮೊಬೈಲ್ ಫೋನ್ ಬಂದಿದೆ, ಅದರೊಳಗೆ ವಿಡಿಯೊ ಗೇಮ್ ಬಂದಿದೆ. ಹೆಚ್ಚಿನವು ಬಂದೂಕು ಹಿಡಿದು ಓಡುವ ಅಥವಾ ಕಾರು ಓಡಿಸುವ ಆಟಗಳು. ಆದರೆ 2009ರ ಅಕ್ಟೋಬರ್ 13ರಂದು ಅಮೆರಿಕದಲ್ಲಿ ಬಿಡುಗಡೆಯಾದ ಒಂದು ಆಟದ ಜಾತಿಯೇ ಬೇರೆ. ಅದರ ಹೆಸರು ‘ಬ್ರೂಟಲ್ ಲೆಜೆಂಡ್’. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರಗಳಿಗಾಗಿ ಬಂದ ಅದು 2013ರಲ್ಲಿ ಕಂಪ್ಯೂಟರಿಗೂ ಬಂತು. ಅದರಲ್ಲಿ ಬೆಟ್ಟ, ಕಾಡು, ಪ್ರಾಣಿ, ದೇವರು, ರಾಕ್ಷಸ ಎಲ್ಲವೂ ಇವೆ. ಎಲ್ಲವೂ ಹುಟ್ಟಿದ್ದು ಒಂದೇ ವಸ್ತುವಿನಿಂದ. ಆ ವಸ್ತು ಸಂಗೀತ, ಅದರಲ್ಲಿಯೂ ದೊಡ್ಡವರು ‘ಗದ್ದಲ’ ಎಂದು ಬದಿಗೆ ತಳ್ಳಿದ್ದ ಹೆವಿ ಮೆಟಲ್ ಸಂಗೀತ.

ರಸಾಯನಶಾಸ್ತ್ರದಲ್ಲಿ ಹೆವಿ ಮೆಟಲ್ ಎಂದರೆ ಸೀಸ, ಪಾದರಸದಂಥ ಭಾರ ಲೋಹ. ಸಂಗೀತದಲ್ಲಿ ಅದು 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ರೂಪುಗೊಂಡ ಒಂದು ಪಂಥ. ವಿದ್ಯುತ್ ಗಿಟಾರಿನ ಗರ್ಜನೆ, ಡ್ರಮ್ಮಿನ ಬಿರುಸು, ಹಾಡುಗಾರನ ಕೂಗು ಅದರ ಲಕ್ಷಣಗಳು. ಅದರ ಆಲ್ಬಮ್‌ಗಳ ಹೊದಿಕೆಯ ಮೇಲೆ ಬಾಯ್ತೆರೆದ ಮೃಗಗಳು, ಉರಿಯುವ ಆಕಾಶ, ನೆಲಕ್ಕೆ ನಾಟಿದ ಕತ್ತಿಗಳು ಇರುತ್ತವೆ. ಇದೆಲ್ಲ ನಮಗೆ ಪರಕೀಯ ಎನ್ನುವ ಮೊದಲು ಸಾರವಾಡದವರು ಸಂತೆಗೂ ಕಚೇರಿ ಕೆಲಸಕ್ಕೂ ಹೋಗುವ ವಿಜಯಪುರವನ್ನು ಒಮ್ಮೆ ನೋಡಬೇಕು.

ಸಿಂಹದ ಬಾಯಿಯ ತೋಪು

ವಿಜಯಪುರದ ಕೋಟೆಯ ಪಶ್ಚಿಮಕ್ಕಿರುವ ಸಿಂಹದ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕುಳಿತಿದೆ. ರಣರಂಗದ ಒಡೆಯ ಎಂಬುದು ಆ ಹೆಸರಿನ ಅರ್ಥ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಇದರ ಉದ್ದ ನಾಲ್ಕು ಮೀಟರಿಗೂ ಹೆಚ್ಚು, ತೂಕ ಸುಮಾರು 55 ಟನ್. ತಾಮ್ರ ಮತ್ತು ತವರ ಬೆರೆಸಿದ ಗಂಟೆಲೋಹದಿಂದ ಮಾಡಿದ್ದರಿಂದ ಬೆರಳಿನಿಂದ ತಟ್ಟಿದರೂ ಗಂಟೆಯಂತೆ ನಾದ ಹೊರಡುತ್ತದೆ. ಇನ್ನು ಅದರ ಬಾಯಿ! ಹಲ್ಲು ಕಿರಿದ ಸಿಂಹದಂಥ ಮೃಗವೊಂದು ದವಡೆಯ ನಡುವೆ ಆನೆಯನ್ನು ಜಜ್ಜುತ್ತಿದೆ. ಯಾವುದೇ ಮೆಟಲ್ ತಂಡದ ಆಲ್ಬಮ್ ಹೊದಿಕೆಗೆ ಈ ಚಿತ್ರವನ್ನು ಹಾಗೆಯೇ ಅಂಟಿಸಬಹುದು.

1632ರಲ್ಲಿ ಪರಂಡಾ ಕೋಟೆಯಿಂದ ಇದನ್ನು ಆನೆ, ಎತ್ತುಗಳ ಬಲದಿಂದ ವಿಜಯಪುರಕ್ಕೆ ಎಳೆದು ತರಲಾಯಿತು. ಅರಸರ ಕಾಲ ಮುಗಿದ ಮೇಲೆ ಅದರ ಬೆಲೆಯೂ ಇಳಿಯಿತು. 1854ರಲ್ಲಿ ಬ್ರಿಟಿಷ್ ಆಡಳಿತ ಅದನ್ನು ಹಳೆಯ ಲೋಹವೆಂದು ಹರಾಜಿಗಿಟ್ಟಿತು. ಬಂದ ಸವಾಲು ಕೇವಲ ನೂರೈವತ್ತು ರೂಪಾಯಿ. ಕೊನೆಯ ಗಳಿಗೆಯಲ್ಲಿ ಹರಾಜು ರದ್ದಾಯಿತು, ತೋಪು ಉಳಿಯಿತು. ಇಲ್ಲದಿದ್ದರೆ ಆ ಸಿಂಹ ಎಂದೋ ಕರಗಿ ತಂಬಿಗೆ, ತಟ್ಟೆಗಳಾಗಿರುತ್ತಿತ್ತು.

ಒಬ್ಬರಿಗೆ ಗುಜರಿಯಾಗಿ ಕಂಡದ್ದು ಇನ್ನೊಬ್ಬರಿಗೆ ಒಂದು ಲೋಕವಾಗಿ ಕಾಣುತ್ತದೆ. ಬ್ರೂಟಲ್ ಲೆಜೆಂಡ್ ಆಟದ ಕಥೆ, ಆ ಆಟ ಹೊರಬಂದ ಕಥೆ, ಅದರ ಬೇರಾದ ಸಂಗೀತದ ಕಥೆ ಮೂರರಲ್ಲಿಯೂ ಇದೇ ಎಳೆ ಸಿಗುತ್ತದೆ. ಎಲ್ಲಕ್ಕೂ ಮೂಲವಾದ ಸಂಗೀತದಿಂದಲೇ ಆರಂಭಿಸೋಣ.

ಬಾಟಲಿಯಿಂದ ಬಂದ ಬೆರಳು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಬ್ಬಿಣ, ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ ಲೋಹದ ತಗಡಿನ ಕೆಲಸ ಮಾಡುತ್ತಿದ್ದ ಹದಿನೇಳರ ಹುಡುಗ ಟೋನಿ ಅಯೋಮಿಗೆ ಗಿಟಾರ್ ನುಡಿಸುವ ಹುಚ್ಚು. ಕೆಲಸ ಬಿಟ್ಟು ಸಂಗೀತಗಾರನಾಗಲು ಹೊರಟವನಿಗೆ ಅಂದು ಕಾರ್ಖಾನೆಯಲ್ಲಿ ಕೊನೆಯ ದಿನ. ಅದೇ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹಾರಿಹೋಯಿತು. ಆತ ಎಡಚ. ತಂತಿ ಒತ್ತಬೇಕಾದ ಕೈಯೇ ಬಲಗೈ.

ಹುಡುಗ ಸೋತು ಕೂರಲಿಲ್ಲ. ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳಿಗೆ ಹೊಂದುವಂತೆ ತಿದ್ದಿ, ಮೇಲೆ ಚರ್ಮ ಅಂಟಿಸಿ ಟೋಪಿ ಮಾಡಿಕೊಂಡ. ಆದರೂ ಬಿಗಿ ತಂತಿ ಒತ್ತಿದರೆ ನೋವು. ಅದಕ್ಕೆ ತೆಳು ತಂತಿ ಹಾಕಿದ, ಮುಂದೆ ತಂತಿಗಳನ್ನು ಸಡಿಲಿಸಿದ. ಆತ 1968ರಲ್ಲಿ ಗೆಳೆಯರೊಡನೆ ಕಟ್ಟಿದ ತಂಡವೇ ‘ಬ್ಲ್ಯಾಕ್ ಸಬಾತ್’. 1970ರ ಫೆಬ್ರುವರಿ 13ರ ಶುಕ್ರವಾರ ಹೊರಬಂದ ಅವರ ಮೊದಲ ಆಲ್ಬಮ್ಮನ್ನೇ ಹೆವಿ ಮೆಟಲ್‌ನ ಆರಂಭವೆಂದು ಬಹಳಷ್ಟು ಜನ ಎಣಿಸುತ್ತಾರೆ. 1971ರ ಮೂರನೆಯ ಆಲ್ಬಮ್ಮಿನ ಹೊತ್ತಿಗೆ ಆತನ ಗಿಟಾರ್ ಮೂರು ಸ್ವರಸ್ಥಾನ ಕೆಳಗಿಳಿದಿತ್ತು.

ಇದರ ಹಿಂದಿನ ವಿಜ್ಞಾನ ಸರಳ. ತಂತಿಯ ಬಿಗುವು ಹೆಚ್ಚಿದಂತೆ ಅದರ ಕಂಪನ ಏರುತ್ತದೆ, ಆದರೆ ಸಮಸಮನಾಗಿ ಅಲ್ಲ. ಕಂಪನಾಂಕವು ಬಿಗುವಿನ ವರ್ಗಮೂಲವನ್ನು ಅನುಸರಿಸುತ್ತದೆ. ಕಂಪನ ಎರಡು ಪಟ್ಟಾಗಬೇಕಾದರೆ ಬಿಗುವು ನಾಲ್ಕು ಪಟ್ಟಾಗಬೇಕು. ಲೆಕ್ಕ ಹಾಕಿದರೆ, ಮೂರು ಸ್ವರಸ್ಥಾನ ಇಳಿಸಿದಾಗ ಕಂಪನ ಶೇಕಡ 16ರಷ್ಟು ಇಳಿಯುತ್ತದೆ, ಬಿಗುವು ಸುಮಾರು ಶೇಕಡ 30ರಷ್ಟು ಕಡಿಮೆಯಾಗುತ್ತದೆ. ಬೆರಳಿಗೆ ಸಿಕ್ಕ ನೆಮ್ಮದಿ ಅಷ್ಟು. ಕೇಳುಗರಿಗೆ ಸಿಕ್ಕಿದ್ದು ಮಾತ್ರ ಹಿಂದೆಂದೂ ಕೇಳದ ಗಡಸು, ಭಾರವಾದ ನಾದ. ಹಲವು ತಂಡಗಳು ಮುಂದೆ ಬೆರಳು ನೆಟ್ಟಗಿದ್ದರೂ ತಂತಿ ಸಡಿಲಿಸತೊಡಗಿದವು!

ಹರಿದ ಸ್ಪೀಕರು, ನೆತ್ತಿ ಕಳೆದುಕೊಂಡ ಅಲೆ

ವಿದ್ಯುತ್ ಗಿಟಾರಿಗೆ ತಂಬೂರಿಯಂಥ ಬುರುಡೆ ಬೇಕಿಲ್ಲ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ ಇರುತ್ತದೆ. ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ, ಎಸ್ಸೆಸ್ಸೆಲ್ಸಿ ಮಕ್ಕಳು ಓದುವ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಹೊಲದ ಪಂಪ್‌ಸೆಟ್ಟಿಗೆ ಬರುವ ಕರೆಂಟು ಹುಟ್ಟುವುದೂ ಇದೇ ನಿಯಮದಿಂದ.

ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫಯರ್ ಹಿಗ್ಗಿಸುತ್ತದೆ. ಆದರೆ ಯಾವ ಎತ್ತಿಗೂ ಎಳೆಯುವ ಮಿತಿ ಇರುವಂತೆ ಆಂಪ್ಲಿಫಯರಿಗೂ ಒಂದು ಮಿತಿ ಉಂಟು. ಮಿತಿ ಮೀರಿ ತುರುಕಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ, ಗುಡ್ಡದ ತುದಿ ಸವರಿ ಮಟ್ಟಸ ಮಾಡಿದ ಹಾಗೆ. ಸೆಕೆಂಡಿಗೆ 110 ಸಲ ಕಂಪಿಸುವ ಒಂದು ಶುದ್ಧ ಅಲೆ ಇದೆ ಎಂದುಕೊಳ್ಳೋಣ. ಅದರ ಮೇಲನ್ನೂ ಕೆಳಗನ್ನೂ ಸಮನಾಗಿ ಸವರಿದರೆ ಅದರೊಳಗೆ ಮೊದಲಿರದಿದ್ದ 330, 550, 770ರ ಕಂಪನಗಳು ಹುಟ್ಟಿಕೊಳ್ಳುತ್ತವೆ. ಸದ್ದು ಒರಟಾಗುತ್ತದೆ, ತುಂಬಿಕೊಳ್ಳುತ್ತದೆ. ರೇಡಿಯೊ ರಿಪೇರಿ ಮಾಡುವವರ ಕಣ್ಣಿಗೆ ಇದು ದೋಷ. ಮೆಟಲ್ ಸಂಗೀತಗಾರರ ಕಿವಿಗೆ ಇದೇ ಜೀವಾಳ. 1964ರಲ್ಲಿ ಇಂಗ್ಲೆಂಡಿನ ‘ದಿ ಕಿಂಕ್ಸ್’ ತಂಡದ ಡೇವ್ ಡೇವಿಸ್ ಎಂಬ ಯುವಕ ಇಂಥ ಒರಟು ಸದ್ದಿಗಾಗಿ ತನ್ನ ಸ್ಪೀಕರಿನ ಕಾಗದದ ಶಂಕುವನ್ನೇ ಬ್ಲೇಡಿನಿಂದ ಸೀಳಿದ್ದ.

ಕತ್ತರಿಸಿದ ಬೆರಳು, ಕರಗಿದ ಬಾಟಲಿ, ಸೀಳಿದ ಸ್ಪೀಕರ್, ನೆತ್ತಿ ಕಳೆದುಕೊಂಡ ಅಲೆ. ಒಂದು ಸಂಗೀತಕ್ಕೆ ಅಡಿಪಾಯವಾದದ್ದು ಇವು.

ಸಾಮಾನು ಹೊರುವವನೇ ನಾಯಕ

ಈ ಸಂಗೀತವನ್ನು ಕೇಳುತ್ತ ಬೆಳೆದವರಲ್ಲಿ ಅಮೆರಿಕದ ಟಿಮ್ ಶೇಫರ್ ಒಬ್ಬರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2000ದಲ್ಲಿ ‘ಡಬಲ್ ಫೈನ್’ ಎಂಬ ಗೇಮ್ ಸಂಸ್ಥೆ ಕಟ್ಟಿದ ಅವರು, ಮೆಟಲ್ ಆಲ್ಬಮ್‌ಗಳ ಹೊದಿಕೆಯೊಳಗೆ ಒಬ್ಬ ಮನುಷ್ಯ ಕಾಲಿಟ್ಟರೆ ಹೇಗಿದ್ದೀತು ಎಂದು ಯೋಚಿಸಿದರು. ಅಲ್ಲಿ ಯಾರು ಹೋಗಬೇಕು? ವೀರ ಯೋಧನೆ? ಹೆಸರಾಂತ ಗಾಯಕನೆ? ಶೇಫರ್ ಆರಿಸಿದ್ದು ತಂಡದ ಸಾಮಾನು ಹೊರುವವನನ್ನು.

ಆತನ ಹೆಸರು ಎಡ್ಡಿ ರಿಗ್ಸ್. ವೇದಿಕೆ ಕಟ್ಟುವುದು, ತಂತಿ ಜೋಡಿಸುವುದು, ಕೆಟ್ಟ ಗಿಟಾರ್ ಸರಿಮಾಡುವುದು ಅವನ ಕೆಲಸ. ಅವನ ಪಾಲಿಗೆ ಬಂದಿರುವುದು ಒಂದು ಜಳ್ಳು ತಂಡ. ಕಾರ್ಯಕ್ರಮದ ನಡುವೆ ವೇದಿಕೆ ಕುಸಿದು ಎಡ್ಡಿ ಕೆಳಗೆ ಸಿಲುಕುತ್ತಾನೆ. ಅವನ ರಕ್ತ ಸೊಂಟದ ಬೆಲ್ಟಿನ ಬಿಲ್ಲೆಗೆ ತಾಗಿದಾಗ ಬೆಂಕಿಯ ದೈತ್ಯ ಮೃಗವೊಂದು ಎದ್ದು ಅವನನ್ನು ಇನ್ನೊಂದು ಲೋಕಕ್ಕೆ ಒಯ್ಯುತ್ತದೆ. ಆ ಲೋಕದ ಪುರಾಣದಲ್ಲಿ ಲೋಹ, ಬೆಂಕಿ, ರಕ್ತ, ಸದ್ದು ಎಂಬ ಮೂಲವಸ್ತುಗಳು ಬಂದದ್ದೇ ಆ ಮೃಗದಿಂದ. ನಮ್ಮಲ್ಲಿ ಪಂಚಭೂತ ಇದ್ದಂತೆ!

ಅಲ್ಲಿ ಆಂಪ್ಲಿಫಯರುಗಳೇ ಬೆಟ್ಟದಂತೆ ಒಟ್ಟಿವೆ. ಹೊಗೆ ಉಗುಳುವ ಲೋಹದ ಮೃಗಗಳು ಮೇಯುತ್ತವೆ. ದೈತ್ಯ ಜೇಡ ಹೆಣೆದ ಬಲೆಯ ಎಳೆಗಳು ಗಿಟಾರಿನ ದಪ್ಪ ತಂತಿಗಳಾಗುತ್ತವೆ. ಗಣಿಯಲ್ಲಿ ಜೀತಕ್ಕಿದ್ದು ತಲೆಯಿಂದಲೇ ಕಲ್ಲು ಒಡೆಯುತ್ತಿದ್ದ ಹುಡುಗರು ಎಡ್ಡಿಯ ಸೈನಿಕರಾಗುತ್ತಾರೆ. ಹಾಡಿನ ತಾಳಕ್ಕೆ ತಲೆ ಬಡಿಯುವುದು ಮೆಟಲ್ ಅಭಿಮಾನಿಗಳ ಅಭ್ಯಾಸ, ಅದನ್ನೇ ಆಟ ಹೀಗೆ ನಗೆಯಾಗಿಸಿದೆ. ಎಡ್ಡಿಯ ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಗಿಟಾರ್. ಸರಿಯಾದ ಹೊತ್ತಿಗೆ ಸರಿಯಾದ ಗುಂಡಿ ಒತ್ತಿ ರಾಗ ನುಡಿಸಿದರೆ ಸಿಡಿಲು ಬೀಳುತ್ತದೆ, ಕಾರು ಎದುರು ಬಂದು ನಿಲ್ಲುತ್ತದೆ. ಇನ್ನೊಂದು ರಾಗಕ್ಕೆ ನೆಲದಲ್ಲಿ ಹೂತುಹೋದ ಪುರಾತನ ಅವಶೇಷಗಳು ಮೇಲೇಳುತ್ತವೆ.

ಎಡ್ಡಿಗೆ ದನಿ ಕೊಟ್ಟವರು ನಟ ಜ್ಯಾಕ್ ಬ್ಲ್ಯಾಕ್. ಬ್ಲ್ಯಾಕ್ ಸಬಾತ್‌ನ ಗಾಯಕ ಆಝಿ ಆಸ್ಬೋರ್ನ್, ನೆಲದಡಿಯ ಕುಲುಮೆಯಲ್ಲಿ ಆಯುಧ ತಿದ್ದಿಕೊಡುವ ಲೋಹರಕ್ಷಕನಾಗಿದ್ದಾರೆ. ‘ಮೋಟರ್‌ಹೆಡ್’ ತಂಡದ ಲೆಮ್ಮಿ ದಪ್ಪ ತಂತಿಯ ಮಂದ್ರ ನಾದದಿಂದಲೇ ಗಾಯ ಮಾಯಿಸುವ ವೈದ್ಯ. ‘ಜೂಡಾಸ್ ಪ್ರೀಸ್ಟ್’ನ ರಾಬ್ ಹ್ಯಾಲ್‌ಫರ್ಡ್, ಗಾಯಕಿ ಲೀಟಾ ಫೋರ್ಡ್ ಕೂಡ ದನಿ ಕೊಟ್ಟಿದ್ದಾರೆ. ನೂರಕ್ಕೂ ಹೆಚ್ಚು ನಿಜವಾದ ಹಾಡುಗಳು ಆಟದಲ್ಲಿವೆ. ನಾಯಕನ ಹೆಸರಿನಲ್ಲಿಯೂ ನಮನವಿದೆ. ಎಡ್ಡಿ ಎಂಬುದು ‘ಐರನ್ ಮೇಡನ್’ ತಂಡದ ಹೊದಿಕೆಗಳ ಮೇಲಿನ ಅಸ್ಥಿಪಂಜರದ ಹೆಸರು, ರಿಗ್ಸ್ ಎಂಬುದು ಅದನ್ನು ಬರೆದ ಚಿತ್ರಕಾರ ಡೆರೆಕ್ ರಿಗ್ಸ್ ಅವರದು. ಹಾಡಿದವರ ಜೊತೆಗೆ ಚಿತ್ರ ಬರೆದವನನ್ನೂ ಆಟ ಮರೆಯಲಿಲ್ಲ.

ಬೇರೆಯವರು ಚೆನ್ನಾಗಿ ಕಾಣುವಂತೆ ಮಾಡುವುದು ತನ್ನ ಕೆಲಸ, ಬೆಳಕು ತನ್ನ ಮೇಲೆ ಬೀಳಬಾರದು ಎಂಬುದು ಎಡ್ಡಿಯ ನಂಬಿಕೆ. ಸೈನ್ಯ ಕಟ್ಟಿದರೂ ಆತ ಅರಸನಾಗಲು ಹೋಗುವುದಿಲ್ಲ. ನಾಟಕ ನೋಡಿ ಬೆಳೆದ ಉತ್ತರ ಕರ್ನಾಟಕದವರಿಗೆ ಈ ಮನುಷ್ಯ ಚಿರಪರಿಚಿತ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯಂಥ ನಾಟಕ ಆಡುವಾಗ ಶಕುನಿಗೆ, ಅಶ್ವತ್ಥಾಮನಿಗೆ ಚಪ್ಪಾಳೆ ಬೀಳುತ್ತದೆ. ಪರದೆ ಎಳೆದವನಿಗೆ, ಗ್ಯಾಸ್‌ಲೈಟಿಗೆ ಗಾಳಿ ಹೊಡೆದವನಿಗೆ, ಬೆಳಗಿನ ಜಾವ ಪೆಟ್ಟಿಗೆಗಳನ್ನು ಚಕ್ಕಡಿಗೆ ಹೇರಿದವನಿಗೆ ಬಿದ್ದದ್ದುಂಟೆ? ಬ್ರೂಟಲ್ ಲೆಜೆಂಡ್ ಆ ಚಪ್ಪಾಳೆಯನ್ನು ಅವನಿಗೆ ಕೊಟ್ಟಿದೆ.

ಕೈಬಿಟ್ಟವರು, ಕೈಹಿಡಿದವರು

ಆಟವೇ ಒಮ್ಮೆ ಹರಾಜಿನ ಕಟ್ಟೆಗೆ ಬಂದಿತ್ತು. ಮೊದಲು ಅದನ್ನು ಪ್ರಕಟಿಸಲಿದ್ದ ಕಂಪನಿ 2008ರಲ್ಲಿ ಆಕ್ಟಿವಿಷನ್ ಜೊತೆ ವಿಲೀನವಾದಾಗ ಕೆಲವು ಆಟಗಳನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಬಿಟ್ಟರು. ಬಿಟ್ಟವುಗಳಲ್ಲಿ ಇದೂ ಒಂದು. ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಇನ್ನೊಂದು ಕಂಪನಿ ಕೈಹಿಡಿಯಿತು. ಆಗ ಆಕ್ಟಿವಿಷನ್ ಆಟದ ಹಕ್ಕು ತನ್ನದೆಂದು 2009ರ ಜೂನ್‌ನಲ್ಲಿ ಮೊಕದ್ದಮೆ ಹೂಡಿತು. ಬಿಡುಗಡೆಗೆ ಮುನ್ನ ರಾಜಿಯಾಯಿತು.

ಆಟದಲ್ಲಿ ದೋಷವಿಲ್ಲವೆಂದಲ್ಲ. ಓಡಾಟ, ಹೊಡೆದಾಟದ ಆಟವೆಂದು ಕೊಂಡವರಿಗೆ ಅರ್ಧದಲ್ಲಿ ಸೈನ್ಯ ಕಟ್ಟಿ ತಂತ್ರ ಹೂಡುವ ಭಾಗ ಎದುರಾದಾಗ ಗಲಿಬಿಲಿಯಾಯಿತು, ವಿಮರ್ಶಕರೂ ಇದನ್ನು ಎತ್ತಿ ಆಡಿದರು. ಎರಡನೆಯ ಭಾಗ ಬರಲೇ ಇಲ್ಲ. ರಕ್ತಪಾತ, ಒರಟು ಮಾತು ಇರುವುದರಿಂದ ಇದು ಚಿಕ್ಕ ಮಕ್ಕಳಿಗೆ ತಕ್ಕದ್ದೂ ಅಲ್ಲ. ಆದರೂ ಅದನ್ನು ಆಡಿದವರು ಇಂದಿಗೂ ನೆನೆಯುತ್ತಾರೆ. ಕಾರಣ, ಅದರ ಬೆಟ್ಟದ ಒಂದೊಂದು ಕಲ್ಲನ್ನೂ ಆ ಸಂಗೀತವನ್ನು ಒಳಗಿನಿಂದ ಬಲ್ಲವರು ಇಟ್ಟಿದ್ದಾರೆ. ಲೆಮ್ಮಿ 2015ರ ಡಿಸೆಂಬರ್ 28ರಂದು ತೀರಿಕೊಂಡರು. ಆಝಿ ಆಸ್ಬೋರ್ನ್ 2025ರ ಜುಲೈ 5ರಂದು ಹುಟ್ಟೂರು ಬರ್ಮಿಂಗ್‌ಹ್ಯಾಮಿನಲ್ಲಿ ಹಳೆಯ ಗೆಳೆಯರೊಡನೆ ಕೊನೆಯ ಸಲ ಹಾಡಿ, ಅದೇ ತಿಂಗಳ 22ರಂದು ಕಣ್ಮುಚ್ಚಿದರು. ಆಟದೊಳಗೆ ಒಬ್ಬರು ಇನ್ನೂ ಗಾಯ ಮಾಯಿಸುತ್ತಿದ್ದಾರೆ, ಇನ್ನೊಬ್ಬರು ಕುಲುಮೆ ಊದುತ್ತಿದ್ದಾರೆ.

ಬೆಂಗಳೂರಿನ ಅರಮನೆ ಮೈದಾನ

ಈ ಸಂಗೀತ ಕರ್ನಾಟಕಕ್ಕೆ ಕಾಲಿಟ್ಟು ಬಹಳ ಕಾಲವಾಯಿತು. ಬೆಂಗಳೂರಿನಲ್ಲಿ 1988ರಲ್ಲಿಯೇ ‘ಮಿಲೆನಿಯಮ್’ ಎಂಬ ಮೆಟಲ್ ತಂಡ ಹುಟ್ಟಿತ್ತು. 1998ರಲ್ಲಿ ಆರಂಭವಾದ ‘ಕ್ರಿಪ್ಟೋಸ್’ ತಂಡ 2013ರಲ್ಲಿ ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ ನಡೆಯುವ ಮೆಟಲ್ ಜಾತ್ರೆಯಲ್ಲಿ ನುಡಿಸಿ ಬಂತು. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ಅರಮನೆ ಮೈದಾನದಲ್ಲಿ ಹಾಡಿದಾಗ ದೇಶದ ಮೂಲೆಮೂಲೆಗಳಿಂದ ಯುವಕರು ರೈಲು ಹತ್ತಿ ಬಂದಿದ್ದರು.

ವಿಡಿಯೊ ಗೇಮ್ ಕಟ್ಟುವ ವಿದ್ಯೆಯೂ ಹೊಸದಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಧ್ರುವ ಇಂಟರಾಕ್ಟಿವ್’ ಭಾರತದ ಮೊತ್ತಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. ಹೊರದೇಶದ ದೊಡ್ಡ ಕಂಪನಿಗಳ ಆಟಗಳಿಗೆ ಚಿತ್ರ, ಕಟ್ಟಡ, ವಾಹನಗಳನ್ನು ರೂಪಿಸಿಕೊಟ್ಟು ಹೆಸರಾದ ಅದನ್ನು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಇಲ್ಲಿನ ಕೈಗಳು ದಶಕಗಳಿಂದ ಪರದೇಶದ ಲೋಕಗಳಿಗೆ ಬಣ್ಣ ಬಳಿಯುತ್ತಿವೆ. ವೇದಿಕೆ ಕಟ್ಟುವವನ ಕೆಲಸ ಅದು, ಎಡ್ಡಿಯ ಕೆಲಸ.

ಗೋಲಂದಾಜನ ತೊಟ್ಟಿ

ಸದ್ದನ್ನು ಕೊಂಡಾಡುವಾಗ ಒಂದು ಎಚ್ಚರಿಕೆಯೂ ಬೇಕು. ಮಲಿಕ್-ಎ-ಮೈದಾನ್‌ಗೆ ಬೆಂಕಿ ಇಟ್ಟ ಗೋಲಂದಾಜ ಸಿಡಿತದಿಂದ ಪಾರಾಗಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂದು ವಿಜಯಪುರದಲ್ಲಿ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಉಪಾಯ ಮಾತ್ರ ಶಾಸ್ತ್ರಸಮ್ಮತ. ಗಾಳಿಯಲ್ಲಿ ಬಂದ ಸದ್ದು ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗಿಳಿಯುತ್ತದೆ, ಉಳಿದದ್ದು ಹಿಂದಕ್ಕೆ ಚಿಮ್ಮುತ್ತದೆ.

ಕಿವಿಗೆ ಇಯರ್‌ಫೋನ್ ತುರುಕಿ ಆಡುವ ಹುಡುಗನಿಗೆ ಅಂಥ ತೊಟ್ಟಿ ಇಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳುವುದೇ ಮಿತಿ ಎಂದು ತಜ್ಞರು ಗೊತ್ತುಮಾಡಿದ್ದಾರೆ. ಪ್ರತಿ 3 ಡೆಸಿಬೆಲ್ ಏರಿದಾಗ ಈ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೇ ಕಾಲು ಗಂಟೆ! ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಲವು ಮೆಟಲ್ ವಾದಕರು ವೇದಿಕೆಯ ಮೇಲೆ ಕಿವಿಗೆ ಬಿರಡೆ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಯಾರು ನುಡಿಸಬೇಕು?

ಶೇಫರ್ ಮತ್ತು ಅವರ ಸಂಗಡಿಗರು ಲೋಕವೊಂದನ್ನು ಕಟ್ಟಲು ದೂರ ಹೋಗಲಿಲ್ಲ. ತಮ್ಮ ಹದಿಹರೆಯದ ಕೋಣೆಯಲ್ಲಿದ್ದ ಹಳೆಯ ಆಲ್ಬಮ್‌ಗಳನ್ನು ಕೈಗೆತ್ತಿಕೊಂಡರು, ಅಷ್ಟೇ. ಆ ಸಂಗೀತವನ್ನು ಪ್ರೀತಿಸಿದ್ದರು, ಜೊತೆಗೆ ಅದರ ಒಳಸುಳಿಗಳನ್ನೆಲ್ಲ ಬಲ್ಲವರಾಗಿದ್ದರು. ಪ್ರೀತಿಯೊಂದೇ ಇದ್ದಿದ್ದರೆ ಆಟ ಬರೀ ಹೊಗಳಿಕೆಯಾಗುತ್ತಿತ್ತು, ಅರಿವೊಂದೇ ಇದ್ದಿದ್ದರೆ ಪಾಠವಾಗುತ್ತಿತ್ತು.

ಡೋಣಿ ಸೀಮೆಯ ಹುಡುಗರ ಸುತ್ತ ಇರುವುದೇನು ಕಡಿಮೆ? ತಟ್ಟಿದರೆ ಮೊಳಗುವ 55 ಟನ್ನಿನ ಲೋಹದ ಸಿಂಹವಿದೆ. ಒಂದು ಪಿಸುಮಾತನ್ನು ಹಲವು ಸಲ ಮರಳಿಸುವ ಗೋಳಗುಮ್ಮಟವಿದೆ. ಎದೆ ನಡುಗಿಸುವ ಕರಡಿ ಮಜಲಿದೆ, ರಾತ್ರಿಯಿಡೀ ರಣರಂಗ ಎಬ್ಬಿಸುವ ದೊಡ್ಡಾಟವಿದೆ. ಕರಡಿಯ ಯಾವ ಪೆಟ್ಟಿಗೆ ಯಾವ ಹೆಸರು, ಅದರ ಚರ್ಮವನ್ನು ಹೇಗೆ ಬಿಗಿಯುತ್ತಾರೆ ಎಂಬುದನ್ನು ಬಲ್ಲ ಹಿರಿಯರು ಊರುಗಳಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳುವ, ಅದೇ ಫೋನಿನಲ್ಲಿ ಧ್ವನಿ ಹಿಡಿದಿಡುವ ಕೆಲಸಕ್ಕೆ ದೊಡ್ಡ ಕಂಪನಿಯೇನೂ ಬೇಕಿಲ್ಲ. ಹುಡುಗನೊಬ್ಬ ಎದ್ದು ಎರಡು ಓಣಿ ದಾಟಿ ಹೋದರೆ ಸಾಕು.

ಎಡ್ಡಿಯ ಲೋಕದಲ್ಲಿ ಸರಿಯಾದ ರಾಗ ನುಡಿಸಿದರೆ ಹೂತ ಅವಶೇಷ ಮೇಲೇಳುತ್ತದೆ. ವಿಜಯಪುರದ ತೋಪು ಹೂತಿಲ್ಲ, ಬುರುಜಿನ ಮೇಲೆ ಬಿಸಿಲಿಗೆ ಮೈಯೊಡ್ಡಿ ಕುಳಿತಿದೆ. ಅದಕ್ಕೆ ಕೊನೆಯದಾಗಿ ಬಂದ ಸವಾಲು ನೂರೈವತ್ತು ರೂಪಾಯಿ. ಅದಕ್ಕಿಂತ ಹೆಚ್ಚಿನ ಸವಾಲು ಕೂಗುವ ಸರದಿ ಈಗ ಸಾರವಾಡದಂಥ ಊರಿನ ಹುಡುಗರದು.